ಸೊರೊರಿಟಿಯಲ್ಲಿ ಪದಾಧಿಕಾರಿಯಾಗಲು ಹೊರಟ ಮಗಳಿಗೆ ಏನು ಹೇಳಬೇಕು?

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಬ್ಯಾಂಕ್ ಅಧಿಕಾರಿ. ನನ್ನ ಮಗಳು ಅಮೆರಿಕದ ಒಹಾಯೊ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯವೊಂದರಲ್ಲಿ ಎಫ್-1 ಎಂಬ ವಿದ್ಯಾರ್ಥಿ ವೀಸಾದ ಮೇಲೆ ಸಂಖ್ಯಾಶಾಸ್ತ್ರದ ಪದವಿ ಓದುತ್ತಿದ್ದು, ಈಗ ಎರಡನೇ ವರ್ಷದಲ್ಲಿದ್ದಾಳೆ. ಕಳೆದ ವರ್ಷ ಅಲ್ಲಿನ ಒಂದು ಸೊರೊರಿಟಿಗೆ, ಅಂದರೆ ವಿದ್ಯಾರ್ಥಿನಿಯರ ಸಂಘಕ್ಕೆ, ಸೇರಿದಳು. ಬಿಳಿ ಉಡುಪು ತೊಟ್ಟು ಪ್ರಮಾಣವಚನ ಸ್ವೀಕರಿಸಿದೆ ಎಂದಷ್ಟೇ ಹೇಳಿದಳು. ಏನೆಂದು ಕೇಳಿದರೆ ಹೇಳುವಂತಿಲ್ಲ ಎಂದಳು. ಇದು ಗುಪ್ತ ಸಂಘವೇ ಎಂಬ ಚಿಂತೆ ನನ್ನ ಪತ್ನಿಗೆ ಅಂದಿನಿಂದಲೂ ಇದೆ. ಈಗ ಅವರ ಸಂಘದ ಚುನಾವಣೆಗೆ ಹತ್ತು ದಿನಗಳಿದ್ದು, ‘ರಿಸ್ಕ್ ಮ್ಯಾನೇಜ್‌ಮೆಂಟ್ ಉಪಾಧ್ಯಕ್ಷೆ’ ಎಂಬ ಹುದ್ದೆಗೆ ಇವಳ ಹೆಸರನ್ನು ಸೂಚಿಸಿದ್ದಾರೆ. ಕುಡಿತ, ರ‍್ಯಾಗಿಂಗ್‌ನಂಥ ಸುದ್ದಿಗಳನ್ನು ಓದಿದ ನಮಗೆ ಭಯ. ಏನಾದರೂ ಅನಾಹುತವಾದರೆ ಪೊಲೀಸರು ಇವಳನ್ನೇ ಕೇಳುತ್ತಾರೆಯೇ? ವೀಸಾಕ್ಕೆ ತೊಂದರೆಯೇ? ಓದು ಹಾಳಾಗುವುದಿಲ್ಲವೇ? ಇದೇ ಹೊತ್ತಿನಲ್ಲಿ ಆಲ್ಫಾ ಫೈ ಒಮೆಗಾ ಎಂಬ ಇನ್ನೊಂದು ಸಂಘದಲ್ಲಿ ಶಾಲಾ ಮಕ್ಕಳಿಗೆ ಪಾಠ ಹೇಳುವ ಸ್ವಯಂಸೇವೆಯನ್ನೂ ಮಾಡುತ್ತಿದ್ದಾಳೆ. ನಾಯಕತ್ವದ ಅನುಭವ ಮುಂದೆ ಉದ್ಯೋಗಕ್ಕೆ ನೆರವಾಗುತ್ತದೆ ಎಂಬುದು ಅವಳ ವಾದ. ಬೇಡ ಎನ್ನಲೇ, ಹೂಂ ಎನ್ನಲೇ?

ಉತ್ತರ: ಅಮೆರಿಕದ ಮಧ್ಯಪಶ್ಚಿಮದ ಎರಡು ಸರ್ಕಾರಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ವ್ಯವಹಾರಗಳ ಕಚೇರಿಯಲ್ಲಿ 19 ವರ್ಷ ಕೆಲಸ ಮಾಡಿದ ನನಗೆ ಇಂಥ ಪತ್ರಗಳು ಹೊಸವಲ್ಲ. ಆದರೆ ಹೆಚ್ಚಿನವು ‘ಸೇರಬಹುದೇ’ ಎಂದು ಕೇಳುತ್ತವೆ. ಸೇರಿ ಒಂದು ವರ್ಷವಾದ ಮೇಲೆ ‘ಹೊಣೆ ಹೊರಬಹುದೇ’ ಎಂದು ಕೇಳುವವರು ವಿರಳ. ನೀವು ಐದಾರು ಪ್ರಶ್ನೆಗಳನ್ನು ಕೇಳಿದ್ದರೂ ಅವುಗಳ ಹಿಂದಿರುವ ಆತಂಕ ಒಂದೇ: ಇನ್ನೊಬ್ಬರ ತಪ್ಪಿಗೆ ಉತ್ತರ ಹೇಳಬೇಕಾದ ಜಾಗದಲ್ಲಿ ಹತ್ತೊಂಬತ್ತು ವರ್ಷದ ಮಗಳು ಹೋಗಿ ನಿಲ್ಲುತ್ತಿದ್ದಾಳೆಯೇ ಎಂಬುದು. ಹೌದು, ಆ ಹುದ್ದೆ ಅಂಥದ್ದೇ. ಹಾಗೆಂದು ಬೇಡ ಎನ್ನಬೇಕಾಗಿಲ್ಲ. ಆದರೆ ಏನೆಂದು ತಿಳಿಯದೆ ಹೂಂ ಎನ್ನಲೂ ಬಾರದು.

ಮೊದಲು ನಿಮ್ಮ ಪತ್ನಿಯವರ ಚಿಂತೆಗೆ ಉತ್ತರಿಸುತ್ತೇನೆ. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ವಿದ್ಯಾರ್ಥಿ ಸಂಘಗಳು ಅಮೆರಿಕದ ಸ್ವಾತಂತ್ರ್ಯ ಘೋಷಣೆಯಷ್ಟೇ ಹಳೆಯವು; ಮೊದಲನೆಯದಾದ ಫೈ ಬೀಟಾ ಕಪ್ಪಾ 1776ರ ಡಿಸೆಂಬರಿನಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿತು. ಒಹಾಯೊಗೂ ಈ ಚರಿತ್ರೆಯಲ್ಲಿ ದೊಡ್ಡ ಪಾಲಿದೆ: ಬೀಟಾ ಥೀಟಾ ಪೈ 1839ರಲ್ಲಿ, ಫೈ ಡೆಲ್ಟಾ ಥೀಟಾ 1848ರಲ್ಲಿ, ಸಿಗ್ಮಾ ಕೈ 1855ರಲ್ಲಿ ಆರಂಭವಾದದ್ದು ಆ ರಾಜ್ಯದ ಆಕ್ಸ್‌ಫರ್ಡ್ ಊರಿನ ಮಯಾಮಿ ವಿಶ್ವವಿದ್ಯಾಲಯದಲ್ಲಿಯೇ. ಹುಡುಗರ ಸಂಘಗಳಿಗೆ ‘ಫ್ರೆಟರ್ನಿಟಿ’ ಎನ್ನುತ್ತಾರೆ; ಹೆಣ್ಣುಮಕ್ಕಳ ಸಂಘಗಳೂ ಮೊದಮೊದಲು ತಮ್ಮನ್ನು ‘ಮಹಿಳೆಯರ ಫ್ರೆಟರ್ನಿಟಿ’ ಎಂದೇ ಕರೆದುಕೊಳ್ಳುತ್ತಿದ್ದವು. ಲ್ಯಾಟಿನ್ ಭಾಷೆಯಲ್ಲಿ ಸಹೋದರಿ ಎಂಬ ಅರ್ಥದ ಪದದಿಂದ ‘ಸೊರೊರಿಟಿ’ ಬಳಕೆಗೆ ಬಂದದ್ದು 1882ರಲ್ಲಿ, ಸಿರಕ್ಯೂಸ್‌ನ ಗಾಮಾ ಫೈ ಬೀಟಾ ಸಂಘಕ್ಕಾಗಿ. 1902ರಲ್ಲಿ ಆರಂಭವಾದ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ ಒಕ್ಕೂಟದಲ್ಲಿ ಇಂದು ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಸೊರೊರಿಟಿಗಳಿವೆ. ನಿಮ್ಮ ಮಗಳ ಸಂಘದ ಹೆಸರನ್ನು ನೀವು ಬರೆದಿಲ್ಲವಾದರೂ ವಿವರಗಳನ್ನು ನೋಡಿದರೆ ಅದು ಇವುಗಳಲ್ಲಿ ಒಂದರ ಸ್ಥಳೀಯ ಘಟಕ, ಅವರ ಮಾತಿನಲ್ಲಿ ‘ಚಾಪ್ಟರ್’, ಎಂದು ತೋರುತ್ತದೆ. ಇಲ್ಲಿ ಗುಟ್ಟಾಗಿರುವುದು ದೀಕ್ಷೆಯ ವಿಧಿ ಮತ್ತು ಸಂಕೇತಗಳು ಮಾತ್ರ. ಪದಾಧಿಕಾರಿಗಳು ಯಾರು, ನಿಯಮಾವಳಿ ಏನು, ಸಂಘದ ಮೇಲೆ ಶಿಸ್ತು ಕ್ರಮವಾಗಿದೆಯೇ ಎಂಬುದು ವಿಶ್ವವಿದ್ಯಾಲಯಕ್ಕೆ ತಿಳಿದಿರಲೇಬೇಕು. ಬಿಳಿ ಉಡುಪು, ಮೇಣದ ಬತ್ತಿ, ಮಂತ್ರದಂಥ ಮಾತುಗಳು ಹೆಚ್ಚಿನ ಕಡೆ ಇವೆ, ಅವುಗಳಲ್ಲಿ ಹೆದರುವಂಥದ್ದೇನೂ ಇಲ್ಲ. ನಮ್ಮ ಕಚೇರಿಯಲ್ಲಿ ನಮ್ಮನ್ನು ಕಾಡಿದ್ದು ಆ ವಿಧಿಯಲ್ಲ, ಅದಕ್ಕೆ ಹಿಂದಿನ ಆರೇಳು ವಾರಗಳಲ್ಲಿ ನಡೆಯುತ್ತಿದ್ದ ಸಂಗತಿಗಳು.

ಈ ಸಂಘಗಳನ್ನು ನಮ್ಮವರಿಗೆ ಅರ್ಥಮಾಡಿಸಲು ನಾನು ಕರ್ನಾಟಕದ ಸಮುದಾಯವಾರು ವಿದ್ಯಾರ್ಥಿನಿಲಯಗಳ ಉದಾಹರಣೆ ಕೊಡುವುದುಂಟು. ಹಳೆಯ ವಿದ್ಯಾರ್ಥಿಗಳ ಟ್ರಸ್ಟು, ಅವರದೇ ಕಟ್ಟಡ, ಒಟ್ಟಿಗೆ ಊಟ, ಜೀವನಪರ್ಯಂತ ಉಳಿಯುವ ‘ನಮ್ಮ ಹಾಸ್ಟೆಲಿನವರು’ ಎಂಬ ಅಭಿಮಾನ, ಜೊತೆಗೆ ಯಾರು ಒಳಗೆ ಯಾರು ಹೊರಗೆ ಎಂಬ ಗೆರೆ. ಆ ಗೆರೆ ಅಮೆರಿಕದಲ್ಲಿ ಬಹುಕಾಲ ಜನಾಂಗ ಮತ್ತು ಧರ್ಮದ ಗೆರೆಯಾಗಿತ್ತು. ಆದ್ದರಿಂದಲೇ ಕಪ್ಪು ವಿದ್ಯಾರ್ಥಿಗಳು 1906ರಲ್ಲಿ ಕಾರ್ನೆಲ್‌ನಲ್ಲಿ ಆಲ್ಫಾ ಫೈ ಆಲ್ಫಾವನ್ನೂ ಕಪ್ಪು ವಿದ್ಯಾರ್ಥಿನಿಯರು 1908ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಫಾ ಕಪ್ಪಾ ಆಲ್ಫಾವನ್ನೂ ಕಟ್ಟಿಕೊಂಡರು. ಕಮಲಾ ಹ್ಯಾರಿಸ್ ಈ ಎರಡನೆಯ ಸಂಘದ ಸದಸ್ಯೆ. ದಕ್ಷಿಣ ಏಷ್ಯಾ ಮೂಲದ ಮಕ್ಕಳು ತಮ್ಮದೇ ಸಂಘಗಳನ್ನು ಕಟ್ಟಿದ್ದು 1990ರ ದಶಕದಲ್ಲಿ. 1998ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಆಸ್ಟಿನ್ ಆವರಣದಲ್ಲಿ ಆರಂಭವಾದ ಡೆಲ್ಟಾ ಎಪ್ಸಿಲಾನ್ ಸೈ ಮತ್ತು ಕಪ್ಪಾ ಫೈ ಗಾಮಾ, 1999ರಲ್ಲಿ ಲಾಸ್ ಏಂಜಲೀಸಿನಲ್ಲಿ ಹುಟ್ಟಿದ ಬೀಟಾ ಕೈ ಥೀಟಾ ಇವುಗಳಲ್ಲಿ ಕೆಲವು. ‘ನಮ್ಮವರ ಸಂಘವಾದರೆ ಭಯವಿಲ್ಲ’ ಎಂದು ಅನೇಕ ತಂದೆತಾಯಿಯರು ನನಗೆ ಹೇಳಿದ್ದಾರೆ. ಅದು ತಪ್ಪು ತಿಳಿವಳಿಕೆ. 2013ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಬೆಟ್ಟದ ಮನೆಯೊಂದರಲ್ಲಿ ಏಷ್ಯಾ ಮೂಲದವರ ಫ್ರೆಟರ್ನಿಟಿಯೊಂದು ನಡೆಸಿದ ದೀಕ್ಷೆಯ ಹೊಡೆತಕ್ಕೆ ನ್ಯೂಯಾರ್ಕಿನ ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ಸತ್ತ. ಆ ಸಂಘವನ್ನೇ ಅಪರಾಧಿಯೆಂದು ತೀರ್ಮಾನಿಸಿ ಹತ್ತು ವರ್ಷ ರಾಜ್ಯದಿಂದ ಹೊರಗಿಡಲಾಯಿತು.

ಇಲ್ಲಿಗೆ ರ‍್ಯಾಗಿಂಗ್ ವಿಷಯ ಬಂತು. ಅಮೆರಿಕದಲ್ಲಿ ಇದಕ್ಕೆ ‘ಹೇಜಿಂಗ್’ ಎನ್ನುತ್ತಾರೆ, ಆದರೆ ಎರಡೂ ಒಂದೇ ಅಲ್ಲ. ನಮ್ಮಲ್ಲಿ ರ‍್ಯಾಗಿಂಗ್ ಎಂದರೆ ಸೀಟು ಸಿಕ್ಕ ತಪ್ಪಿಗೆ ಎಲ್ಲ ಹೊಸಬರ ಮೇಲೂ ಎರಗುವ ಕಾಟ. ಅದನ್ನು ಯಾರೂ ಬೇಡಿ ಪಡೆಯುವುದಿಲ್ಲ, ಮತ್ತು 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಿಂದ ಹಿಡಿದು ಯುಜಿಸಿಯ 2009ರ ನಿಯಮಗಳವರೆಗೆ ಎಲ್ಲವೂ ಅದನ್ನು ಹಾಗೆಯೇ ಕಾಣುತ್ತವೆ. ಹೇಜಿಂಗ್ ಎಂಬುದು ಒಳಗೆ ಸೇರಲು ತೆರುವ ಬೆಲೆ. ಹೊಸಬ ಅದಕ್ಕೆ ಒಪ್ಪಿರುತ್ತಾನೆ, ಅಥವಾ ಒಪ್ಪಿದಂತೆ ನಟಿಸುತ್ತಾನೆ. ದಾಟಿದ ಮೇಲೆ ತಾನು ಪಟ್ಟ ಪಾಡಿಗೆ ಏನಾದರೂ ಅರ್ಥವಿರಲೇಬೇಕು ಎಂದು ನಂಬಿ, ಮರುವರ್ಷ ಅದನ್ನೇ ಇನ್ನೊಬ್ಬನ ಮೇಲೆ ಹೇರುತ್ತಾನೆ. ಕೆಟ್ಟ ಹುಡುಗರು ಇದ್ದಾರೆಂದು ಇದು ನಡೆಯುತ್ತದೆ ಎನ್ನುವುದು ಸುಲಭದ ವಿವರಣೆ. ನಾನು ವಿಚಾರಣೆ ನಡೆಸಿದ ಮಕ್ಕಳಲ್ಲಿ ಹೆಚ್ಚಿನವರು ಮನೆಯಲ್ಲಿ ಒಳ್ಳೆಯವರೆನಿಸಿಕೊಂಡವರೇ. ಸೇರುವ ಆಸೆ, ಗುಟ್ಟು, ‘ನಮ್ಮ ಕಾಲದಲ್ಲಿ ಹೀಗಿತ್ತು’ ಎಂದು ಹುರಿದುಂಬಿಸುವ ಹಳಬರು, ಮದ್ಯ, ಇವು ಒಂದೇ ಕೋಣೆಯಲ್ಲಿ ಸೇರಿದಾಗ ಯಾರೂ ‘ಸಾಕು’ ಎನ್ನುವುದಿಲ್ಲ. ಅಲ್ಲಿ ಮದ್ಯಪಾನದ ಕಾನೂನುಬದ್ಧ ವಯಸ್ಸು 21 ಆಗಿರುವುದರಿಂದ ಕುಡಿತವೂ ಕದ್ದುಮುಚ್ಚಿ ನಡೆಯುತ್ತದೆ, ಆಂಬ್ಯುಲೆನ್ಸ್ ಕರೆಯಲೂ ಕೈ ನಡುಗುತ್ತದೆ.

2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಫ್ರೆಟರ್ನಿಟಿ ಮನೆಯೊಂದರಲ್ಲಿ ನಡೆದದ್ದು ಇದೇ. ಸೇರ್ಪಡೆಯ ರಾತ್ರಿ ಒಂದೂವರೆ ಗಂಟೆಯೊಳಗೆ ಹದಿನೆಂಟು ಪೆಗ್ ಕುಡಿಸಿಕೊಂಡ 19 ವರ್ಷದ ಹುಡುಗ ನೆಲಮಾಳಿಗೆಯ ಮೆಟ್ಟಿಲಿನಿಂದ ಉರುಳಿದ. ಸುಮಾರು ಹನ್ನೆರಡು ಗಂಟೆಗಳ ಕಾಲ ಯಾರೂ ಸಹಾಯಕ್ಕೆ ಕರೆ ಮಾಡಲಿಲ್ಲ, ಹುಡುಗ ಉಳಿಯಲಿಲ್ಲ. ಮನೆಯ ಕ್ಯಾಮೆರಾಗಳಲ್ಲಿ ಎಲ್ಲವೂ ದಾಖಲಾಗಿತ್ತು. ನಿಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸುವ ಭಾಗ ಇದರ ಕೊನೆಯಲ್ಲಿದೆ: ಏಳು ವರ್ಷಗಳ ನಂತರ, 2024ರಲ್ಲಿ, ಜೈಲಿಗೆ ಹೋದವರು ಆ ಚಾಪ್ಟರಿನ ಅಂದಿನ ಅಧ್ಯಕ್ಷ ಮತ್ತು ಹೊಸ ಸದಸ್ಯರ ಉಸ್ತುವಾರಿ ಹೊತ್ತಿದ್ದ ಪದಾಧಿಕಾರಿ; ಇಬ್ಬರಿಗೂ ಎರಡರಿಂದ ನಾಲ್ಕು ತಿಂಗಳ ಶಿಕ್ಷೆಯಾಯಿತು.

ಹಾಗಾದರೆ ಪೊಲೀಸರು ನಿಮ್ಮ ಮಗಳನ್ನು ಕೇಳುತ್ತಾರೆಯೇ? ಅನಾಹುತವಾದರೆ ಖಂಡಿತ ಕೇಳುತ್ತಾರೆ. ಅವಳು ತಪ್ಪಿತಸ್ಥೆಯೆಂದಲ್ಲ, ಆ ಹುದ್ದೆಯ ಕೆಲಸವೇ ಗೊತ್ತಿರುವುದು, ಆದ್ದರಿಂದ. ಒಹಾಯೊದಲ್ಲಿ 2021ರಲ್ಲಿ ಜಾರಿಗೆ ಬಂದ ಹೇಜಿಂಗ್ ವಿರೋಧಿ ಕಾನೂನು ಕಠಿಣವಾದದ್ದು. ಒತ್ತಾಯದಿಂದ ಮದ್ಯ ಅಥವಾ ಮಾದಕ ವಸ್ತು ಸೇವಿಸುವಂತೆ ಮಾಡಿ ಗಂಭೀರ ಹಾನಿಯಾದರೆ ಅದು ಘೋರ ಅಪರಾಧ. ಅಷ್ಟೇ ಅಲ್ಲ, ಸಂಸ್ಥೆಯ ನೌಕರರು, ಹಳೆಯ ವಿದ್ಯಾರ್ಥಿಗಳು, ಸಲಹೆಗಾರರು, ಸ್ವಯಂಸೇವಕರು ಹೇಜಿಂಗ್ ನಡೆದದ್ದು ತಿಳಿದೂ ತಕ್ಷಣ ಪೊಲೀಸರಿಗೆ ತಿಳಿಸದಿದ್ದರೆ ಅದೂ ಅಪರಾಧವೇ. 2024ರ ಡಿಸೆಂಬರಿನಲ್ಲಿ ಸಹಿಯಾದ ಕೇಂದ್ರ ಸರ್ಕಾರದ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಕಾಯ್ದೆಯು, ಯಾವ ಸಂಘ ತಪ್ಪೆಸಗಿದೆ ಎಂಬ ವರದಿಯನ್ನು ವಿಶ್ವವಿದ್ಯಾಲಯಗಳು ಸಾರ್ವಜನಿಕವಾಗಿ ಪ್ರಕಟಿಸಬೇಕೆಂದು ವಿಧಿಸಿದೆ. ಈ ಕಾಯ್ದೆಯಿಂದ ನಿಮಗಾಗುವ ಪ್ರಯೋಜನವೆಂದರೆ, ಮಗಳ ಚಾಪ್ಟರಿನ ಹೆಸರು ಆ ಪಟ್ಟಿಯಲ್ಲಿದೆಯೇ ಎಂದು ಶಿವಮೊಗ್ಗದಲ್ಲಿ ಕುಳಿತೇ ನೋಡಬಹುದು. ಇಂದೇ ನೋಡಿ.

ಇನ್ನು ಹುದ್ದೆಯ ವಿಷಯ. ಕಾಗದದ ಮೇಲೆ ಅದು ಅತಿಥಿ ಪಟ್ಟಿ, ಮಣಿಕಟ್ಟಿಗೆ ಕಟ್ಟುವ ಗುರುತಿನ ಪಟ್ಟಿ, ನೀರಿನ ಬಾಟಲಿ, ಬಸ್ಸು, ಆ ರಾತ್ರಿ ಕುಡಿಯದೆ ನಿಗಾ ಇಡುವವರ ಸರದಿ, ಘಟನೆ ನಡೆದರೆ ಬರೆಯಬೇಕಾದ ವರದಿ, ಇವಿಷ್ಟೇ. ಪ್ಯಾನ್‌ಹೆಲೆನಿಕ್ ಸೊರೊರಿಟಿಗಳ ಮನೆಯೊಳಗೆ ಮದ್ಯಕ್ಕೆ ಅವಕಾಶವಿಲ್ಲದ ಕಾರಣ ಸಮಾರಂಭಗಳು ಹೊರಗೆ, ಬಾಡಿಗೆ ಸಭಾಂಗಣಗಳಲ್ಲೋ ಫ್ರೆಟರ್ನಿಟಿಗಳಲ್ಲೋ ನಡೆಯುತ್ತವೆ. ಅಪಾಯವೂ ಅಲ್ಲಿಗೇ ಹೋಗುತ್ತದೆ, ರಿಸ್ಕ್ ಉಪಾಧ್ಯಕ್ಷೆಯೂ ಅಲ್ಲಿಗೇ ಹೋಗಬೇಕಾಗುತ್ತದೆ.

ಒಂದು ಶನಿವಾರ ರಾತ್ರಿಯ ಪ್ರಸಂಗವನ್ನು ಹೇಳುತ್ತೇನೆ. ಅಕ್ಟೋಬರಿನ ಚಳಿ, ಸೊರೊರಿಟಿಯ ಮನೆಯೆದುರು ಬಾಡಿಗೆ ಬಸ್ಸು ಎಂಜಿನ್ ಚಾಲೂ ಇಟ್ಟುಕೊಂಡು ನಿಂತಿದೆ. ಬಾಗಿಲ ಬಳಿ ಮೂರನೇ ವರ್ಷದ ಹುಡುಗಿಯೊಬ್ಬಳು ಕ್ಲಿಪ್‌ಬೋರ್ಡ್ ಹಿಡಿದು ಹೆಸರುಗಳಿಗೆ ಗೆರೆ ಎಳೆಯುತ್ತಿದ್ದಾಳೆ. ಬಂದವರಲ್ಲಿ ಏಳೆಂಟು ಜನ ಬಸ್ಸು ಹತ್ತುವ ಮೊದಲೇ ಕುಡಿದಿದ್ದಾರೆ, ಒಬ್ಬಳಿಗಂತೂ ಮೆಟ್ಟಿಲೇ ಕಾಣುತ್ತಿಲ್ಲ. ನಿಯಮದ ಪ್ರಕಾರ ಅವರನ್ನು ಹತ್ತಿಸುವಂತಿಲ್ಲ. ಅವರನ್ನು ಬಿಟ್ಟು ಹೊರಟರೆ ಮನೆಯಲ್ಲಿ ನೋಡಿಕೊಳ್ಳುವವರಿಲ್ಲ. ಚಾಪ್ಟರಿನ ಸಲಹೆಗಾರ್ತಿ, ಅದೇ ಸಂಘದ ಹಳೆಯ ವಿದ್ಯಾರ್ಥಿನಿ, ಫೋನಿನಲ್ಲಿ ‘ಬಸ್ಸಿಗೆ ದುಡ್ಡು ಕೊಟ್ಟಾಗಿದೆ, ಹೇಗಾದರೂ ಸಂಭಾಳಿಸು’ ಎಂದರು. ಹುಡುಗಿ ಎರಡು ನಿಮಿಷ ಸುಮ್ಮನೆ ನಿಂತು, ಡ್ರೈವರಿನ ಬಳಿ ಹೋಗಿ, ಬಸ್ಸನ್ನು ವಾಪಸ್ ಕಳುಹಿಸಿದಳು. ಸೋಮವಾರದ ಸಭೆಯಲ್ಲಿ ಅವಳ ಪಕ್ಕದ ಎರಡು ಕುರ್ಚಿಗಳು ಖಾಲಿಯಿದ್ದವು ಎಂದು ನನ್ನ ಕಚೇರಿಗೆ ಬಂದು ಹೇಳಿದಳು. ಅಳಲಿಲ್ಲ, ಕೈಯಲ್ಲಿದ್ದ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದಳು. ಮುಂದಿನ ಚುನಾವಣೆಗೆ ಅವಳು ನಿಲ್ಲಲಿಲ್ಲ. ಆ ರಾತ್ರಿ ಬಸ್ಸು ಹೋಗಿದ್ದರೂ ಏನೂ ಆಗದೇ ಇರಬಹುದಿತ್ತು, ಮತ್ತು ಅವಳ ಗೆಳತಿಯರು ಅವಳಿಗೆ ಹೇಳಿದ್ದೂ ಅದನ್ನೇ.

ನೀವು ಬ್ಯಾಂಕಿನಲ್ಲಿದ್ದವರು. ಸಾಲ ಮಂಜೂರು ಮಾಡುವ ಅಧಿಕಾರವಿಲ್ಲದೆ ವಸೂಲಿಯ ಹೊಣೆಯನ್ನು ಮಾತ್ರ ಹೊತ್ತ ಅಧಿಕಾರಿಯ ಪಾಡನ್ನು ನೋಡಿಯೇ ಇರುತ್ತೀರಿ. ರಿಸ್ಕ್ ಉಪಾಧ್ಯಕ್ಷೆಯ ಹುದ್ದೆ ಕೆಲವು ಚಾಪ್ಟರುಗಳಲ್ಲಿ ಹಾಗೆಯೇ ಇರುತ್ತದೆ: ಸಮಾರಂಭ ಎಲ್ಲಿ, ಯಾರೊಂದಿಗೆ ಎಂದು ತೀರ್ಮಾನಿಸುವುದು ಸಾಮಾಜಿಕ ಕಾರ್ಯದರ್ಶಿ, ಕೆಟ್ಟರೆ ಉತ್ತರಿಸಬೇಕಾದವಳು ಇವಳು. ಇನ್ನು ಕೆಲವು ಚಾಪ್ಟರುಗಳಲ್ಲಿ ಇವಳ ಸಹಿಯಿಲ್ಲದೆ ಸಮಾರಂಭದ ಅರ್ಜಿಯೇ ಮುಂದೆ ಹೋಗುವುದಿಲ್ಲ, ಬಾಗಿಲಲ್ಲಿ ನಿಂತು ‘ಇಲ್ಲ’ ಎಂದರೆ ಅಧ್ಯಕ್ಷೆಯೂ ಅದನ್ನು ತೆಗೆದುಹಾಕುವಂತಿಲ್ಲ. ಹುದ್ದೆಯ ಹೆಸರು ಎರಡೂ ಕಡೆ ಒಂದೇ. ನಿಮ್ಮ ಮಗಳ ಚಾಪ್ಟರು ಯಾವ ಬಗೆಯದು ಎಂಬುದರ ಮೇಲೆ ನನ್ನ ಉತ್ತರ ನಿಂತಿದೆ.

ಇದನ್ನು ತಿಳಿಯುವುದು ಕಷ್ಟವಲ್ಲ. ಪ್ರತಿ ಪದಾಧಿಕಾರಿಯೂ ಮುಂದಿನವಳಿಗೆ ಒಂದು ಕಡತ ಹಸ್ತಾಂತರಿಸುತ್ತಾಳೆ. ಚುನಾವಣೆಗೆ ಮೊದಲೇ ಅದನ್ನು ನೋಡಬೇಕು ಎಂದು ನಿಮ್ಮ ಮಗಳು ಕೇಳಲಿ. ತೋರಿಸಲು ಹಿಂಜರಿದರೆ ಅದೇ ಒಂದು ಉತ್ತರ. ತೋರಿಸಿದರೆ, ಘಟನಾ ವರದಿಗಳ ಪುಟಗಳನ್ನು ತೆರೆದು ನೋಡಲಿ. ನೂರು ಜನ ಹುಡುಗಿಯರಿರುವ ಸಂಘದಲ್ಲಿ ವರ್ಷವಿಡೀ ಒಂದು ವರದಿಯೂ ಇಲ್ಲವೆಂದರೆ ಏನೂ ನಡೆದಿಲ್ಲ ಎಂದು ಅರ್ಥವಲ್ಲ, ಯಾರೂ ಬರೆದಿಲ್ಲ ಎಂದರ್ಥ. ಮೂರ್ನಾಲ್ಕು ಸಣ್ಣಪುಟ್ಟ ವರದಿಗಳು, ಪ್ರತಿಯೊಂದರ ಕೆಳಗೆ ಏನು ಕ್ರಮವಾಯಿತು ಎಂಬ ಟಿಪ್ಪಣಿ ಇದ್ದರೆ ಆ ಮನೆಯಲ್ಲಿ ಯಾರೋ ಎಚ್ಚರವಾಗಿದ್ದಾರೆ. ಈ ಹಿಂದೆ ಆ ಹುದ್ದೆಯಲ್ಲಿದ್ದವಳನ್ನು ಒಂದು ಕಾಫಿಗೆ ಕರೆದು, ‘ನೀನು ಕೊನೆಯ ಬಾರಿ ಯಾವುದನ್ನು ನಿಲ್ಲಿಸಿದೆ, ಆಗ ಯಾರು ನಿನ್ನ ಪರ ನಿಂತರು’ ಎಂದು ಕೇಳಲಿ. ಸಲಹೆಗಾರ್ತಿಯ ಬಗ್ಗೆಯೂ ವಿಚಾರಿಸಲಿ. ಇವರು ಸಂಬಳವಿಲ್ಲದೆ ದುಡಿಯುವ ಹಳೆಯ ವಿದ್ಯಾರ್ಥಿನಿಯರು. ಇವರಲ್ಲಿ ಬಹಳಷ್ಟು ಜನ ತಮ್ಮ ಸಂಜೆಗಳನ್ನು ಈ ಮಕ್ಕಳಿಗೇ ಮುಡಿಪಾಗಿಟ್ಟವರು. ಆದರೆ ಬೇಲಿಯೇ ಎದ್ದು ಹೊಲ ಮೇಯ್ದ ಉದಾಹರಣೆಗಳೂ ಇವೆ. 2013ರಲ್ಲಿ ಅಲಬಾಮಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ಬಯಲಿಗೆಳೆದ ಪ್ರಕರಣದಲ್ಲಿ, ಕಪ್ಪು ವಿದ್ಯಾರ್ಥಿನಿಯೊಬ್ಬಳನ್ನು ಸೇರಿಸಿಕೊಳ್ಳಲು ಸದಸ್ಯೆಯರು ಸಿದ್ಧರಿದ್ದರೂ ಅಡ್ಡ ನಿಂತವರು ಹಳೆಯ ವಿದ್ಯಾರ್ಥಿನಿಯರು ಎಂಬ ಆರೋಪವಿತ್ತು.

ಇನ್ಶೂರೆನ್ಸ್ ವಿಷಯವನ್ನು ಮಕ್ಕಳು ಕೇಳುವುದೇ ಇಲ್ಲ, ನೀವು ಕೇಳಿ. ರಾಷ್ಟ್ರೀಯ ಸಂಸ್ಥೆ ತೆಗೆದ ಹೊಣೆಗಾರಿಕೆ ವಿಮೆ ಪದಾಧಿಕಾರಿಗಳಿಗೂ ಅನ್ವಯಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಸಂಸ್ಥೆಯ ನಿಯಮ ಮೀರಿದ ಸಮಾರಂಭದಲ್ಲಿ ಹಾನಿಯಾದರೆ, ನಿಯಮ ಮೀರಿದವರಿಗೆ ರಕ್ಷಣೆಯಿಲ್ಲ ಎಂಬ ಷರತ್ತು ಇರುವುದುಂಟು, ಮತ್ತು ಸಿವಿಲ್ ದಾವೆಯಲ್ಲಿ ಪದಾಧಿಕಾರಿಯ ಹೆಸರನ್ನು ವೈಯಕ್ತಿಕವಾಗಿಯೂ ಸೇರಿಸಬಹುದು. ಆ ಷರತ್ತಿನ ಪುಟವನ್ನು ಓದದೆ ಹುದ್ದೆ ಒಪ್ಪುವುದು ಬೇಡ.

ವೀಸಾದ ಭಯ ಅರ್ಧ ನಿಜ. ಸಂಬಳವಿಲ್ಲದ ವಿದ್ಯಾರ್ಥಿ ಸಂಘದ ಹುದ್ದೆಯನ್ನು ಎಫ್-1 ವಿದ್ಯಾರ್ಥಿನಿ ಹೊರುವುದಕ್ಕೆ ಅಡ್ಡಿಯಿಲ್ಲ. ಅವಳು ಪೂರ್ಣಾವಧಿಯಾಗಿ, ಅಂದರೆ ಪದವಿ ತರಗತಿಯಲ್ಲಿ ಸಾಮಾನ್ಯವಾಗಿ ಸೆಮಿಸ್ಟರಿಗೆ 12 ಕ್ರೆಡಿಟ್, ಓದುತ್ತಿರಬೇಕು ಅಷ್ಟೇ. ಆದರೆ ಕೆಲವು ಹುದ್ದೆಗಳಿಗೆ, ಮುಖ್ಯವಾಗಿ ಮನೆಯ ಉಸ್ತುವಾರಿಗೆ, ಬಾಡಿಗೆ ಮನ್ನಾ ಅಥವಾ ಗೌರವಧನ ಇರುತ್ತದೆ. ದುಡಿಮೆಗೆ ಪ್ರತಿಯಾಗಿ ವಸತಿ ಪಡೆದರೂ ಅದು ಉದ್ಯೋಗವೆನಿಸಬಹುದಾದ್ದರಿಂದ, ಒಂದು ಡಾಲರಿನ ರಿಯಾಯಿತಿಯನ್ನು ಒಪ್ಪುವ ಮೊದಲೂ ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಿಂದ ಲಿಖಿತ ಉತ್ತರ ಪಡೆಯಲಿ. ಇನ್ನೊಂದು ಮಾತು, ಇದನ್ನು ಅವರ ಚಾಪ್ಟರಿನಲ್ಲಿ ಯಾರೂ ಹೇಳಿರಲಾರರು: ರಾತ್ರಿ ಕುಡಿದವರನ್ನು ಕಾರಿನಲ್ಲಿ ಮನೆಗೆ ಬಿಡುವ ಸರದಿಯನ್ನು ನಿಮ್ಮ ಮಗಳು ತನ್ನ ಕಾರಿನಲ್ಲಿ ಎಂದೂ ಒಪ್ಪಿಕೊಳ್ಳಬಾರದು. ಅಪಘಾತವಾದರೆ ಅದು ಅವಳ ಇನ್ಶೂರೆನ್ಸ್, ಅವಳ ಹೆಸರು. ತಾನೇ ಒಂದು ಗ್ಲಾಸು ಕುಡಿದು ಓಡಿಸಿ ಸಿಕ್ಕಿಬಿದ್ದರಂತೂ, ನ್ಯಾಯಾಲಯ ಶಿಕ್ಷೆ ವಿಧಿಸುವ ಮೊದಲು ಕೇವಲ ಬಂಧನದ ಆಧಾರದ ಮೇಲೂ ವೀಸಾ ರದ್ದಾಗಬಹುದು. ಅಮೆರಿಕದ ಸಹಪಾಠಿಗೆ ಕೆಟ್ಟ ವಾರಾಂತ್ಯವಾಗಿ ಮುಗಿಯುವ ತಪ್ಪು, ನಮ್ಮ ಮಕ್ಕಳಿಗೆ ಊರಿನ ವಿಮಾನವಾಗಬಹುದು.

ಓದಿನ ಬಗ್ಗೆ ನಿಮಗೆ ಸಮಾಧಾನ ಹೇಳಬಹುದು. ಚಾಪ್ಟರುಗಳಲ್ಲಿ ಕನಿಷ್ಠ ಅಂಕಗಳ ನಿಯಮವಿರುತ್ತದೆ, ಪದಾಧಿಕಾರಿಗಳಿಗೆ ಇನ್ನೂ ಸ್ವಲ್ಪ ಹೆಚ್ಚು. ಇಳಿದರೆ ಹುದ್ದೆ ಹೋಗುತ್ತದೆ. ನಾನು ಕಂಡಂತೆ ಈ ಹುದ್ದೆ ವಾರಕ್ಕೆ ಎಂಟು ಹತ್ತು ಗಂಟೆ ಬೇಡುತ್ತದೆ, ಸಮಾರಂಭಗಳಿರುವ ವಾರ ಅದರ ಎರಡರಷ್ಟು. ಸಂಖ್ಯಾಶಾಸ್ತ್ರದ ಮೂರನೇ ವರ್ಷ ಹಗುರವಲ್ಲ. ಪ್ರಯೋಗಾಲಯದ ಕೆಲಸವೋ ಇಂಟರ್ನ್‌ಶಿಪ್ಪೋ ಇದ್ದರೆ ಇವೆರಡರಲ್ಲಿ ಒಂದು ಸೊರಗುತ್ತದೆ.

ಉದ್ಯೋಗಕ್ಕೆ ನೆರವಾಗುತ್ತದೆ ಎಂಬ ವಾದ ಎಷ್ಟು ಸರಿ? ಇಷ್ಟು ಅಧ್ಯಕ್ಷರು, ಇಷ್ಟು ಕಂಪನಿಗಳ ಮುಖ್ಯಸ್ಥರು ನಮ್ಮವರೇ ಎಂದು ಸೇರ್ಪಡೆಯ ಕರಪತ್ರಗಳಲ್ಲಿ ಅಚ್ಚು ಹಾಕಿಸುವುದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಶತಮಾನದ ಕಾಲ ಶ್ರೀಮಂತ ಮನೆತನಗಳ ಮಕ್ಕಳನ್ನೇ ಆರಿಸಿಕೊಂಡ ಸಂಘದಿಂದ ದೊಡ್ಡ ಹುದ್ದೆಗೆ ಹೋದವರು ಹೆಚ್ಚಿದ್ದರೆ, ಅದು ಸಂಘದ ಮಹಿಮೆಯೋ ಮನೆತನದ್ದೋ ಎಂದು ನಿಮ್ಮ ಸಂಖ್ಯಾಶಾಸ್ತ್ರದ ಮಗಳನ್ನೇ ಕೇಳಿ ನೋಡಿ. ಹಳೆಯ ವಿದ್ಯಾರ್ಥಿನಿಯರ ಪರಿಚಯದಿಂದ ಸಂದರ್ಶನದ ಬಾಗಿಲು ತೆರೆಯುವುದುಂಟು, ನಿಜ. ಆದರೆ ಸಂದರ್ಶನದಲ್ಲಿ ಕುಳಿತವರು ಕೇಳುವುದು ‘ನೀನು ಏನು ಮಾಡಿದೆ’ ಎಂದು. ‘ಉಪಾಧ್ಯಕ್ಷೆಯಾಗಿದ್ದೆ’ ಎಂದರೆ ಸಾಲದು. ತೊಂಬತ್ತು ಸಾವಿರ ಡಾಲರಿನ ಆಯವ್ಯಯ ನಿಭಾಯಿಸಿದ ಖಜಾಂಚಿಯ ಮಾತಿಗೆ, ಅಥವಾ ಬಸ್ಸು ವಾಪಸ್ ಕಳುಹಿಸಿದ ಹುಡುಗಿಯ ಮಾತಿಗೆ, ಅಲ್ಲಿ ತೂಕವಿದೆ.

ಸ್ವಯಂಸೇವೆಯ ವಿಷಯದಲ್ಲೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸೊರೊರಿಟಿಗಳಲ್ಲಿ ‘ಫಿಲಾಂತ್ರಪಿ’ ಎಂದರೆ ಬಹುಪಾಲು ಹಣ ಸಂಗ್ರಹ. ಪ್ರತಿ ರಾಷ್ಟ್ರೀಯ ಸಂಸ್ಥೆಗೂ ಒಂದು ಉದ್ದೇಶವಿದೆ: ಟ್ರೈ ಡೆಲ್ಟಾ ಮಕ್ಕಳ ಕ್ಯಾನ್ಸರ್ ಚಿಕಿತ್ಸೆಯ ಸೇಂಟ್ ಜೂಡ್ ಆಸ್ಪತ್ರೆಗೆ, ಡೆಲ್ಟಾ ಗಾಮಾ ಅಂಧರ ಮತ್ತು ದೃಷ್ಟಿದೋಷವುಳ್ಳವರ ನೆರವಿಗೆ ದುಡ್ಡು ಕೂಡಿಸುತ್ತವೆ. ಇದರ ಅತಿ ದೊಡ್ಡ ರೂಪವೆಂದರೆ ಪೆನ್ ಸ್ಟೇಟ್‌ನ ‘ಥಾನ್’; 1973ರಲ್ಲಿ ಫ್ರೆಟರ್ನಿಟಿಗಳ ಮಂಡಳಿ ಆರಂಭಿಸಿದ ಈ ನೃತ್ಯದಲ್ಲಿ ವಿದ್ಯಾರ್ಥಿಗಳು ಈಗ 46 ಗಂಟೆ ಕುಳಿತುಕೊಳ್ಳದೆ, ನಿದ್ದೆ ಮಾಡದೆ ನಿಲ್ಲುತ್ತಾರೆ, ಬಂದ ಹಣ ಕ್ಯಾನ್ಸರ್ ಪೀಡಿತ ಮಕ್ಕಳ ಕುಟುಂಬಗಳಿಗೆ ಹೋಗುತ್ತದೆ. ಹಿಂದೆ ನಾನು ಹೇಳಿದ 2017ರ ಸಾವು ನಡೆದದ್ದೂ ಅದೇ ವಿಶ್ವವಿದ್ಯಾಲಯದಲ್ಲಿ ಎಂಬುದನ್ನು ಮರೆಯಬೇಡಿ. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಆಲ್ಫಾ ಫೈ ಒಮೆಗಾ ಬೇರೆ ಜಾತಿಯದು. 1925ರಲ್ಲಿ ಪೆನ್ಸಿಲ್ವೇನಿಯಾದ ಲಫಾಯೆಟ್ ಕಾಲೇಜಿನಲ್ಲಿ ಸ್ಕೌಟ್ ಆದರ್ಶಗಳ ಮೇಲೆ ಹುಟ್ಟಿದ ಈ ಸಂಘ 1976ರಿಂದ ಹೆಣ್ಣುಮಕ್ಕಳನ್ನೂ ಸೇರಿಸಿಕೊಳ್ಳುತ್ತಿದೆ. ನಾಯಕತ್ವ, ಗೆಳೆತನ, ಸೇವೆ ಇದರ ಮೂರು ಸೂತ್ರಗಳು. ಇಲ್ಲಿ ಲೆಕ್ಕಕ್ಕೆ ಬರುವುದು ಕೈಯಾರೆ ದುಡಿದ ಗಂಟೆಗಳು, ನಮ್ಮ ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆ ಎಂದು ಲೆಕ್ಕವಿಡುವ ಹಾಗೆ. ಬೇರೆ ಸೊರೊರಿಟಿಯ ಸದಸ್ಯೆಯೂ ಇದರಲ್ಲಿ ಇರಬಹುದು. ಮಗಳು ಈಗಾಗಲೇ ಇದ್ದಾಳಲ್ಲ. ಅಲ್ಲಿ ಸೇವಾ ವಿಭಾಗದ ಹೊಣೆ ಹೊತ್ತರೆ, ಶಾಲೆಯೊಡನೆ ಮಾತುಕತೆ, ಸ್ವಯಂಸೇವಕರ ಸರದಿ, ಬಾರದವರ ಬದಲಿ ವ್ಯವಸ್ಥೆ, ಇವೆಲ್ಲ ಅವಳ ಪಾಲಿಗೆ ಬರುತ್ತವೆ. ಹೆಸರಿನಲ್ಲಿ ಮೆರುಗು ಕಡಿಮೆ, ಕಲಿಕೆ ಕಡಿಮೆಯಲ್ಲ. ನನ್ನ ಮಗಳಾಗಿದ್ದರೆ ಯಾವುದನ್ನು ಸೂಚಿಸುತ್ತಿದ್ದೆ ಎಂದು ಕೇಳಿದರೆ, ಇದನ್ನೇ. ಆದರೆ ಇದು ನನ್ನ ಸ್ವಭಾವದ ಮಾತು. ಅವಳಿಗೆ ಮೊದಲನೆಯದರಲ್ಲೇ ಮನಸ್ಸಿದ್ದರೆ, ಮೇಲೆ ಹೇಳಿದ ಕಡತ, ಸಹಿಯ ಅಧಿಕಾರ, ವಿಮೆಯ ಪುಟ ಮೂರೂ ಸರಿಯಿದ್ದರೆ ಧೈರ್ಯವಾಗಿ ನಿಲ್ಲಲಿ. ಇವುಗಳಲ್ಲಿ ಒಂದು ಕೈಕೊಟ್ಟರೂ ಅದೇ ಚಾಪ್ಟರಿನ ಖಜಾಂಚಿ ಹುದ್ದೆಯೋ ಫಿಲಾಂತ್ರಪಿ ಹುದ್ದೆಯೋ ಇದ್ದೇ ಇದೆ. ಖಜಾಂಚಿಗೂ ತಲೆನೋವುಗಳಿವೆ, ಬಾಕಿ ಉಳಿಸಿಕೊಂಡ ಗೆಳತಿಯರಿಂದ ದುಡ್ಡು ವಸೂಲು ಮಾಡುವುದು ಅವುಗಳಲ್ಲಿ ದೊಡ್ಡದು, ಆದರೆ ಆ ತಲೆನೋವಿಗೆ ಆಂಬ್ಯುಲೆನ್ಸ್ ಬೇಕಾಗುವುದಿಲ್ಲ.

ಸಂಘವನ್ನೇ ಬಿಡಿಸಬೇಕೆಂಬ ಯೋಚನೆ ನಿಮಗಿದ್ದರೆ ಅದರ ಪರಿಣಾಮವೂ ತಿಳಿದಿರಲಿ. ಒಮ್ಮೆ ದೀಕ್ಷೆಯಾದ ಮೇಲೆ ಪ್ಯಾನ್‌ಹೆಲೆನಿಕ್ ಒಕ್ಕೂಟದ ಇನ್ನೊಂದು ಸೊರೊರಿಟಿಗೆ ಅವಳು ಮುಂದೆಂದೂ ಸೇರುವಂತಿಲ್ಲ. ಮನೆಯ ಬಾಡಿಗೆ ಒಪ್ಪಂದಕ್ಕೆ ಸಹಿ ಹಾಕಿದ್ದರೆ, ಸದಸ್ಯತ್ವ ಬಿಟ್ಟರೂ ಬಾಡಿಗೆ ಬಿಡದಿರಬಹುದು; ಪದಾಧಿಕಾರಿಗಳು ಅದೇ ಮನೆಯಲ್ಲಿ ವಾಸಿಸಲೇಬೇಕೆಂಬ ನಿಯಮವೂ ಹಲವು ಕಡೆ ಇದೆ. ಶುಲ್ಕದ ವಿವರ ನೀವು ಬರೆದಿಲ್ಲ. ಹುದ್ದೆಗೆ ಬಂದರೆ ಮುಂದಿನ ವರ್ಷದ ವಸತಿ ಖರ್ಚು ಎಷ್ಟು ಹೆಚ್ಚುತ್ತದೆ ಎಂಬ ಅಂಕಿಯನ್ನು ಆ ಒಪ್ಪಂದದ ಪ್ರತಿಯೊಂದಿಗೆ ತರಿಸಿಕೊಂಡು, ಬ್ಯಾಂಕಿನ ಕಾಗದ ಓದುವ ಕಣ್ಣಿನಿಂದಲೇ ಓದಿ.

ಮಗಳೊಂದಿಗೆ ಮಾತನಾಡುವಾಗ ‘ಕುಡಿಯುತ್ತೀಯಾ’ ಎಂಬ ಪ್ರಶ್ನೆಯಿಂದ ಆರಂಭಿಸಬೇಡಿ; ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಅನುಮಾನ ನಿಮ್ಮ ದನಿಯಲ್ಲಿ ಕೇಳಿದ ಕ್ಷಣ ಅವಳು ಮಾತು ನಿಲ್ಲಿಸುತ್ತಾಳೆ. ಹೊಸ ಸದಸ್ಯೆಯಾಗಿದ್ದ ಆ ಆರೇಳು ವಾರಗಳಲ್ಲಿ ತನಗೆ ಇಷ್ಟವಿಲ್ಲದ್ದನ್ನು ಏನಾದರೂ ಮಾಡಬೇಕಾಗಿ ಬಂತೇ, ಬಂದಿದ್ದರೆ ಈಗ ಪದಾಧಿಕಾರಿಯಾಗಿ ಅದನ್ನು ಏನು ಮಾಡುತ್ತೀಯೆ ಎಂದು ಕೇಳಿ. ರಾತ್ರಿ ಒಂದು ಗಂಟೆಗೆ ಯಾರಾದರೂ ಉಸಿರಾಡಲು ಕಷ್ಟಪಡುತ್ತಿದ್ದರೆ ಮೊದಲ ಕರೆ ಅಧ್ಯಕ್ಷೆಗಲ್ಲ, ಸಲಹೆಗಾರ್ತಿಗಲ್ಲ, ತುರ್ತು ಸಹಾಯದ ಸಂಖ್ಯೆ 911ಕ್ಕೆ ಎಂಬುದನ್ನು ಅವಳ ಬಾಯಿಂದಲೇ ಹೇಳಿಸಿ. ಕರೆ ಮಾಡಿದವರಿಗೆ ಅಪ್ರಾಪ್ತ ವಯಸ್ಸಿನ ಮದ್ಯಪಾನದ ಆರೋಪದಿಂದ ರಕ್ಷಣೆ ಕೊಡುವ ಕಾನೂನು ಅನೇಕ ರಾಜ್ಯಗಳಲ್ಲಿದೆ, ಅವರ ವಿಶ್ವವಿದ್ಯಾಲಯದ ನಿಯಮವನ್ನು ಅವಳೇ ಹುಡುಕಿ ನಿಮಗೆ ಓದಿ ಹೇಳಲಿ. ಅವರ ಶನಿವಾರ ರಾತ್ರಿ ನಿಮ್ಮ ಭಾನುವಾರ ಬೆಳಗಿನ ಕಾಫಿಯ ಹೊತ್ತು. ಅಂಥ ಹೊತ್ತಿನಲ್ಲಿ ಫೋನು ಬಂದರೆ ಬೈಯದೆ ಎತ್ತಿಕೊಳ್ಳುತ್ತೇವೆ ಎಂಬ ಮಾತನ್ನು ನೀವಿಬ್ಬರೂ ಅವಳಿಗೆ ಮೊದಲೇ ಕೊಟ್ಟಿರಿ. ಕಡತ ನೋಡಲು, ವಿಮೆಯ ಪ್ರತಿ ತರಿಸಲು, ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಯಿಂದ ಉತ್ತರ ಪಡೆಯಲು ಹತ್ತು ದಿನ ಸಾಕು. ಮೂರರಲ್ಲಿ ಒಂದು ಅಷ್ಟರೊಳಗೆ ಬಾರದಿದ್ದರೆ, ಈ ಬಾರಿ ಆ ಹುದ್ದೆಗೆ ತನ್ನ ಹೆಸರು ಬೇಡ ಎಂದು ಅವಳೇ ಅಧ್ಯಕ್ಷೆಗೆ ಒಂದು ಇಮೇಲ್ ಬರೆದು ತಿಳಿಸಲಿ.